ನೆಲದ ಪ್ರತಿಧ್ವನಿ ಹೇಳುವುದೂ ಹೇಳದಿರುವುದೂ

ಧ್ವನಿಯ ಪಾಠದಲ್ಲಿ ನಾನು ಪ್ರತಿವರ್ಷವೂ ಮಾಡಿಸುತ್ತಿದ್ದ ಲೆಕ್ಕವೊಂದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಕೂಗಿದ ಎರಡು ಸೆಕೆಂಡಿಗೆ ಬೆಟ್ಟದಿಂದ ಪ್ರತಿಧ್ವನಿ ಕೇಳಿದರೆ ಬೆಟ್ಟ ಎಷ್ಟು ದೂರದಲ್ಲಿದೆ? ವೇಗವನ್ನು ಕಾಲದಿಂದ ಗುಣಿಸಬೇಕು. ಹೋಗಿಬರುವ ದಾರಿಯಾದ್ದರಿಂದ ಎರಡರಿಂದ ಭಾಗಿಸಬೇಕು. ನೆಲದಡಿಯ ತೈಲವನ್ನು ಅರಸುವವರ ವಿದ್ಯೆಗೂ ಇದೇ ತಳಹದಿ.

ಅವರು ನೆಲದಲ್ಲಿ ಸಿಡಿಮದ್ದು ಸಿಡಿಸಿಯೋ ಭಾರಿ ವಾಹನಗಳಿಂದ ನೆಲವನ್ನು ಅದುರಿಸಿಯೋ ಕಂಪನಗಳನ್ನು ಆಳಕ್ಕೆ ಕಳುಹಿಸುತ್ತಾರೆ. ಸಮುದ್ರದಲ್ಲಾದರೆ ಒತ್ತಿಟ್ಟ ಗಾಳಿಯನ್ನು ನೀರಿನೊಳಗೆ ಥಟ್ಟನೆ ಬಿಡುತ್ತಾರೆ. ಒಂದು ಶಿಲಾಪದರ ಮುಗಿದು ಬೇರೆ ಗುಣದ ಪದರ ಮೊದಲಾಗುವಲ್ಲಿ ಕಂಪನದ ಒಂದಂಶ ಹಿಂದಿರುಗುತ್ತದೆ. ನೆಲದಲ್ಲಿ ಸಾಲಾಗಿ ನೆಟ್ಟ ಜಿಯೋಫೋನುಗಳು ಅದನ್ನು ದಾಖಲಿಸುತ್ತವೆ. ಸರಾಸರಿ ವೇಗ ಸೆಕೆಂಡಿಗೆ 3,000 ಮೀಟರ್ ಇದ್ದು, ಕಂಪನ 2 ಸೆಕೆಂಡಿಗೆ ಮರಳಿದರೆ, ಆ ಪದರ 3,000 ಮೀಟರ್ ಆಳದಲ್ಲಿದೆಯೆಂದಾಯಿತು. ಆದರೆ ಗಾಳಿಯಲ್ಲಿನ ಧ್ವನಿಯಂತೆ ಇಲ್ಲಿ ವೇಗ ಮೊದಲೇ ತಿಳಿದಿರುವುದಿಲ್ಲ. ಅದು ಕಲ್ಲಿನಿಂದ ಕಲ್ಲಿಗೆ ಬದಲಾಗುತ್ತದೆ.

ಹೀಗೆ ದೊರೆಯುವ ಚಿತ್ರ ಪದರಗಳ ಆಕಾರವನ್ನು ತೋರಿಸುತ್ತದೆ. ತೈಲವು ನೀರಿಗಿಂತ ಹಗುರ. ರಂಧ್ರಗಳುಳ್ಳ ಕಲ್ಲಿನೊಳಗೆ ಮೇಲೇರುತ್ತ, ಹೊರಬಿಡದ ಪದರವೊಂದು ಗುಮ್ಮಟದಂತೆ ಕವಿದಿದ್ದರೆ ಅದರ ಕೆಳಗೆ ತಂಗುತ್ತದೆ. 1960ರ ದಶಕದಲ್ಲಿ ಸೋವಿಯತ್ ಹಡಗೊಂದರ ನೆರವಿನಿಂದ ನಡೆದ ಸಮೀಕ್ಷೆಯಲ್ಲಿ ಅರಬ್ಬೀ ಸಮುದ್ರದಡಿ ಅಂಥ ದೊಡ್ಡ ಉಬ್ಬೊಂದು ಕಂಡಿತು. ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದ ಆ ಸ್ಥಳವನ್ನು 1974ರಲ್ಲಿ 'ಸಾಗರ್ ಸಮ್ರಾಟ್' ಕೊರೆದಾಗ ತೈಲ ದೊರಕಿತು. ಅದೇ ಬಾಂಬೆ ಹೈ.

ಇದಕ್ಕೆ ಪ್ರತಿಯಾಗಿ ಅಲಾಸ್ಕದ ಉತ್ತರ ಕಡಲಿನ ಮುಕ್ಲುಕ್ ಬಾವಿಯ ಕಥೆಯಿದೆ. ಅಲ್ಲಿಯೂ ಚಿತ್ರದಲ್ಲಿ ಭವ್ಯವಾದ ಉಬ್ಬು ಕಂಡಿತ್ತು. ಕಂಪನಿಗಳು ಅಪಾರ ಹಣ ಸುರಿದವು. 1983ರಲ್ಲಿ ಕೊರೆದಾಗ ಉಬ್ಬೇನೋ ಇತ್ತು; ತೈಲದ ಕುರುಹುಗಳೂ ಇದ್ದವು. ಆದರೆ ತೈಲ ಎಂದೋ ಬೇರೆಡೆಗೆ ಸರಿದುಹೋಗಿತ್ತು. ಪ್ರತಿಧ್ವನಿ ಪಾತ್ರೆಯನ್ನು ತೋರಿಸಿತ್ತೇ ಹೊರತು ಪಾತ್ರೆ ತುಂಬಿದೆಯೆಂದು ಹೇಳಿರಲಿಲ್ಲ. ಅನಿಲವಿದ್ದ ಕಡೆ ಕೆಲವೊಮ್ಮೆ ಪ್ರತಿಫಲನ ಪ್ರಖರವಾಗುವುದುಂಟು. ಆದರೆ ಅತ್ಯಲ್ಪ ಅನಿಲವೂ ಹೆಚ್ಚುಕಡಿಮೆ ಅಷ್ಟೇ ಪ್ರಖರವಾಗಿ ಕಾಣಬಲ್ಲದು.

ಇದನ್ನು ಬರೆಯಲು ಕಾರಣವುಂಟು. ಇದೇ ಉದ್ಯೋಗದಲ್ಲಿರುವ ನನ್ನ ಶಿಷ್ಯನೊಬ್ಬ ಈಚೆಗೆ ದೂರವಾಣಿ ಮಾಡಿದ್ದ. ಅವನು ಎರಡು ವರ್ಷ ದುಡಿದು ಸಿದ್ಧಪಡಿಸಿದ ನಕ್ಷೆಯನ್ನು ನಂಬಿ ಕೊರೆದ ಬಾವಿಯಲ್ಲಿ ಬರಿಯ ಉಪ್ಪುನೀರು ಬಂದಿತ್ತು. "ಮೇಷ್ಟ್ರೇ, ನಾನು ಕಲಿತ ವಿದ್ಯೆಯೇ ಸುಳ್ಳಾಯಿತಲ್ಲ, ಕೆಲಸ ಬಿಟ್ಟುಬಿಡಲೇ?" ಎಂದ. ವರದಿಯಲ್ಲಿ ಏನೆಂದು ಬರೆದಿದ್ದೆಯೆಂದು ಕೇಳಿದೆ. "ತೈಲ ಇರುವ ಸಾಧ್ಯತೆಯಿದೆ ಎಂದು ಬರೆದಿದ್ದೆ. ಖಚಿತವೆಂದು ಬರೆಯಲಿಲ್ಲ" ಎಂದ.

ಹಾಗಾದರೆ ಅವನ ವಿದ್ಯೆ ಸುಳ್ಳಾಗಿಲ್ಲ. ಕಂಡಷ್ಟನ್ನೇ ಕಂಡೆನೆಂದು ಹೇಳುವುದು, ಊಹೆಯನ್ನು ಊಹೆಯೆಂದೇ ಬರೆಯುವುದು, ಕೋಟಿಗಟ್ಟಲೆ ಹಣ ತನ್ನ ಒಂದು ಮಾತಿಗೆ ಕಾದಿರುವಾಗ ಸುಲಭದ ಕೆಲಸವಲ್ಲ. ಬರಿದಾದ ಬಾವಿಯೂ ವ್ಯರ್ಥವಲ್ಲ. ಅದರಲ್ಲಿ ನೇರವಾಗಿ ಅಳೆದ ವೇಗಗಳು ಮುಂದಿನ ನಕ್ಷೆಯನ್ನು ತಿದ್ದುತ್ತವೆ. ಅವನಿಗೆ ಇಷ್ಟನ್ನೇ ಹೇಳಿದೆ. ಮರುವಾರ ಆ ಅಳತೆಗಳನ್ನಿಟ್ಟುಕೊಂಡು ಹಳೆಯ ನಕ್ಷೆಯ ಮುಂದೆ ಮತ್ತೆ ಕುಳಿತಿದ್ದೇನೆಂದು ಅವನಿಂದ ಪತ್ರ ಬಂದಿತು.