ವಸಯಿಯಲ್ಲಿ ಎರಡು ದಿನ

ಡೊಂಬಿವಲಿಗೆ ಬಂದು ಮೂವತ್ತು ವರ್ಷವಾದರೂ ವಸಯಿಯ ಕೋಟೆಯನ್ನು ನೋಡಿರಲಿಲ್ಲವೆಂದರೆ ವಾಚಕರು ನಕ್ಕಾರು. ಹೋದ ಶನಿವಾರ ನಾವು ಗಂಡಹೆಂಡಿರಿಬ್ಬರೂ ಎರಡು ದಿನಕ್ಕಾಗುವಷ್ಟು ಖಡಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಕೋಪರಿನಲ್ಲಿ ದಿವಾ–ವಸಯಿ ಗಾಡಿ ಹತ್ತಿಯೇಬಿಟ್ಟೆವು. ಈ ಗಾಡಿಗಳು ವಿರಳ. ವೇಳೆ ನೋಡಿಕೊಂಡು ಹೊರಡುವುದು ಒಳಿತು.

1534ರಲ್ಲಿ ಗುಜರಾತಿನ ಬಹಾದೂರ ಶಹನು ಬಿಟ್ಟುಕೊಟ್ಟ ಈ ಊರನ್ನು ಪೋರ್ತುಗೀಜರು ಇನ್ನೂರು ವರ್ಷ ಆಳಿದರು. ನಮ್ಮ ಹೊನ್ನಾವರ, ಬಸರೂರುಗಳಲ್ಲಿ ಕೋಟೆ ಹಾಕಿದವರೂ ಇವರೇ. 1739ರಲ್ಲಿ ಚಿಮಾಜಿ ಅಪ್ಪಾ ವಸಯಿಯನ್ನು ಗೆದ್ದ ಮೇಲೆ ಇಗರ್ಜಿಗಳ ಗಂಟೆಗಳು ಮರಾಠರ ಗುಡಿಗಳನ್ನು ಸೇರಿದವು. ಭೀಮಾಶಂಕರದಲ್ಲಿ ನಾವು ಕೈಮುಗಿದು ನಿಂತಿದ್ದಾಗ ಅಲ್ಲಿಯ ಗಂಟೆಯ ತವರು ಇದೆಂದು ಯಾರಿಗೆ ಗೊತ್ತಿತ್ತು!

ಕೋಟೆಯೊಳಗೆ ಈಗ ಮಾಡಿಲ್ಲದ ಗೋಡೆಗಳು, ಗೋಡೆಗಳ ಮೇಲೆ ಮರದ ಬೇರುಗಳು. ಫ್ರಾನ್ಸಿಸ್ಕನ್ ಇಗರ್ಜಿಯ ನೆಲದಲ್ಲಿ ಗೋರಿಕಲ್ಲುಗಳನ್ನು ಹಾಸಿದ್ದಾರೆ. ಬಗ್ಗಿ ಕುಳಿತು ಅಕ್ಷರ ಕೂಡಿಸಿ ಕೂಡಿಸಿ ಒಂದೆರಡು ಹೆಸರು ಓದಿದೆವು, ಉಳಿದದ್ದು ತಿಳಿಯಲಿಲ್ಲ. ಅಲ್ಲಿದ್ದ ಕಾವಲುಗಾರನಿಗೂ ತಿಳಿಯದು. ರಾತ್ರಿ ತಂಗಿದ್ದ ಮನೆಯ ಕ್ರಿಸ್ತ ಅಜ್ಜಿಯನ್ನು ಕೇಳಿದರೆ, ಅವರ ಮನೆಮಾತು ಸಾಮವೇದಿ, ಮರಾಠಿಯದೇ ಒಂದು ಬಗೆ. ಪೋರ್ತುಗೀಜು ಅವರ ಅಜ್ಜನಿಗೂ ಬರುತ್ತಿರಲಿಲ್ಲವಂತೆ.

ಭಾನುವಾರ ಕೋಟೆಯ ಕಡಲ ಬಾಗಿಲಲ್ಲಿ ಕುಳಿತು ರೊಟ್ಟಿ ಮುರಿಯುತ್ತಿದ್ದಾಗ ಮೊಮ್ಮಗನ ಫೋನು ಬಂತು. ಎಲ್ಲಿದ್ದೀರೆಂದು ಮರಾಠಿಯಲ್ಲಿ ಕೇಳಿದ. “ಬುತ್ತಿ ಉಣ್ಣಾಕತ್ತೀವಪ್ಪಾ,” ಎಂದೆವು.

“ಆಯೀ, ಬುತ್ತಿ ಮ್ಹಣಜೇ ಕಾಯ?” ಎಂದು ಅವನು ತಾಯಿಯನ್ನು ಕೇಳಿದ್ದು ನಮಗೂ ಕೇಳಿಸಿತು.