ಅಪ್ಪನ ನಾಟಕ, ಅಣ್ಣನ ಹಳೇ ಕಂಪ್ಯೂಟರ್

ನಮ್ಮೂರ ಜಾತ್ರೆಗೆ ಈ ಸಲ ಅಪ್ಪ ಬರೆದ ನಾಟಕ ಆಡಬೇಕು ಅಂತ ಹುಡುಗರು ತೀರ್ಮಾನ ಮಾಡಿದರು. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅವರ ಕೈಬರಹದ ನೋಟ್‌ಬುಕ್ಕನ್ನು ಗೆದ್ದಲು ತಿಂದು ಮುಗಿಸಿದೆ. ನಾಟಕ ಉಳಿದಿದ್ದು ಒಂದೇ ಕಡೆ. ದಾವಣಗೆರೆ ಎಂ.ಸಿ.ಸಿ. ಬಡಾವಣೆಯಲ್ಲಿ ನಮ್ಮಣ್ಣನ ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆಯಲ್ಲ, ಅಲ್ಲಿಯ ಹಳೇ ಕಂಪ್ಯೂಟರಿನಲ್ಲಿ.

ಫೋನ್ ಮಾಡಿದರೆ ಅಣ್ಣ ಹೇಳಿದ್ದು ಇಷ್ಟು: "ತಮ್ಮಾ, ಅದು ಒಳಗೆ ಕಟಕಟ ಅಂತತಿ. ಆನ್ ಆದ್ರೆ ಆತು, ಇಲ್ಲಾಂದ್ರೆ ಇಲ್ಲ. ನೀನೇ ಬಂದು ನೋಡು."

ಹಾರ್ಡ್ ಡಿಸ್ಕ್ ಕಟಕಟ ಅಂದರೆ ಎದೆ ಹಿಡಿದುಕೊಂಡ ಮನುಷ್ಯನಿದ್ದ ಹಾಗೆ. ಅವತ್ತೇ ಹರಿಹರದಿಂದ ಬಸ್ ಹತ್ತಿದೆ.

ಕಂಪ್ಯೂಟರ್ 2014ರದ್ದು. ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ವಿಂಡೋಸ್ 10. ರಿಪೇರಿ ಅಂಗಡಿಯವರು ಅಣ್ಣನಿಗೆ ಆಗಲೇ ತೀರ್ಪು ಕೊಟ್ಟಾಗಿತ್ತು: "ಇದಕ್ಕೆ ದುಡ್ಡು ಹಾಕಬೇಡ್ರಿ, ವಿಂಡೋಸ್ 10 ಬಂದ್ ಆತು, ಹೊಸದು ತಗಳ್ರಿ." ಅಣ್ಣ ಗುಜರಿಗೆ ಹಾಕಲು ಅರ್ಧ ಮನಸ್ಸು ಮಾಡಿಬಿಟ್ಟಿದ್ದ.

ರಿಪೇರಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಅಪ್‌ಡೇಟ್ ನಿಲ್ಲಿಸಿತು. ಆದರೆ ಕಂಪ್ಯೂಟರ್ ಅವತ್ತು ರಾತ್ರಿ ಸಾಯುವುದಿಲ್ಲ. ಕಳ್ಳರು ಹುಡುಕಿದ ಹೊಸ ಕಿಂಡಿಗಳನ್ನು ಮುಚ್ಚುವವರು ಇರುವುದಿಲ್ಲ, ಅಷ್ಟೇ. ವಿಂಡೋಸ್ 11 ಹಾಕೋಣ ಎಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ಎತ್ತು ಗಟ್ಟಿಯಾಗಿ ಉಳುತ್ತಿದ್ದರೂ ಕಿವಿಯಲ್ಲಿ ಹೊಸ ಓಲೆ ಇಲ್ಲ ಅಂತ ಸಂತೆಯಿಂದ ಹೊರಗೆ ಹಾಕಿದ ಹಾಗೆ. ಭದ್ರತೆ ಬೇಡ ಎನ್ನುವವನಲ್ಲ ನಾನು. ಆದರೆ ಕೆಲಸ ಮಾಡುವ ಕೋಟ್ಯಂತರ ಯಂತ್ರಗಳನ್ನು ಒಂದು ನಿಯಮದಿಂದ ಹಳತು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಹೊಸದು ಕೊಳ್ಳಲು ಇದು ಕಾಲವೂ ಅಲ್ಲ. ಜಗತ್ತಿನ ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲು ಮಾಡುವುದು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐಗಾಗಿ ಕಟ್ಟುತ್ತಿರುವ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳು ಹೆಚ್ಚು ದುಡ್ಡು ಕೊಟ್ಟು ಬೇರೆ ಬಗೆಯ ಮೆಮೊರಿ ಕೇಳುತ್ತಿವೆ, ಕಾರ್ಖಾನೆಗಳು ಆ ಕಡೆ ತಿರುಗಿವೆ. 2025ರ ಕೊನೆಗೆ ಸಾಮಾನ್ಯರು ಕೊಳ್ಳುವ ರ‍್ಯಾಮ್ ಬೆಲೆ ಏರಿದ್ದು ಇದರಿಂದಲೇ. ಮೈಕ್ರಾನ್ ಅಂತೂ ಅಂಗಡಿಗಳಲ್ಲಿ ಮಾರುವ ತನ್ನ 'ಕ್ರೂಷಿಯಲ್' ಬ್ರ್ಯಾಂಡನ್ನೇ ಕೈಬಿಡುವುದಾಗಿ ಡಿಸೆಂಬರ್‌ನಲ್ಲಿ ಹೇಳಿತು. ಎಲ್ಲೋ ಅಮೆರಿಕದಲ್ಲಿ ಎಐ ಓಡಲಿ ಅಂತ ಎಂ.ಸಿ.ಸಿ. ಬಡಾವಣೆಯ ಜೆರಾಕ್ಸ್ ಅಂಗಡಿ ಹೆಚ್ಚು ದುಡ್ಡು ಕೊಡಬೇಕು! ನಮ್ಮ ಪುಣ್ಯಕ್ಕೆ ಅಣ್ಣನ ಯಂತ್ರಕ್ಕೆ ಬೇಕಾದದ್ದು ಹಳೇ ಡಿಡಿಆರ್3. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು 4 ಜಿಬಿ ಕಡ್ಡಿ ಸಿಕ್ಕಿತು.

ಆದರೆ ಮೊದಲು ನಾಟಕ ಉಳಿಯಬೇಕಲ್ಲ. ಇಂಥ ಹೊತ್ತಿನಲ್ಲಿ ಡಿಸ್ಕನ್ನು ಮತ್ತೆ ಮತ್ತೆ ಆನ್ ಮಾಡಬಾರದು, ಅದರ ಮೇಲೆ ಏನನ್ನೂ ಇನ್‌ಸ್ಟಾಲ್ ಮಾಡಬಾರದು. ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಇದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿದ್ದೆ. ಕಂಪ್ಯೂಟರಿನ ಡಿಸ್ಕಿಗೆ ಕೈ ಹಚ್ಚದೆ ಪೆನ್‌ಡ್ರೈವ್‌ನಿಂದಲೇ ಅದು ಚಾಲೂ ಆಗುತ್ತದೆ. ಹಳೇ ಡಿಸ್ಕ್ ತೆರೆದುಕೊಂಡಿತು. ಹನ್ನೊಂದು ವರ್ಷದ ಲಗ್ನಪತ್ರಿಕೆ, ಪಹಣಿ ಅರ್ಜಿ, ತಕರಾರು ಅರ್ಜಿ, ತಿಥಿ ಕಾರ್ಡು. ಕಾಪಿ ಆಗುವ ಪಟ್ಟಿ ನಡುನಡುವೆ ನಿಲ್ಲುತ್ತಿತ್ತು, ಡಿಸ್ಕ್ ಕಟ್ ಅಂದಾಗಲೆಲ್ಲ ಅಣ್ಣ ನನ್ನ ಮುಖ ನೋಡುತ್ತಿದ್ದ. ಕೆಲವು ಲಗ್ನಪತ್ರಿಕೆ ಹೋದವು. ಅಪ್ಪನ ಫೈಲ್ ಬಂತು.

ಖುಷಿಯಲ್ಲಿ ಅದನ್ನು ಹಾಗೇ ಊರಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಐದು ನಿಮಿಷಕ್ಕೆ ನಾಟಕದ ಹಾರ್ಮೋನಿಯಂ ಮಾಸ್ತರರ ಧ್ವನಿ ಸಂದೇಶ: "ಏನಪಾ ಇದು, ಕಾಗೆ ಗೂಬೆ ಕಾಲು ಬಿಡಿಸಿ ಕಳಿಸೀಯ?"

ತಪ್ಪು ನನ್ನದೇ. ಅಣ್ಣ ಟೈಪ್ ಮಾಡಿದ್ದು ನುಡಿಯ ಹಳೇ ಫಾಂಟ್‌ನಲ್ಲಿ. ಅಂಥ ಫೈಲ್‌ನೊಳಗೆ ನಿಜವಾಗಿ ಕನ್ನಡ ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳಿಗೆ ಕನ್ನಡದ ತುಂಡುಗಳ ವೇಷ ಹಾಕಿರುತ್ತಾರೆ. 'ಕ'ದ ಜಾಗದಲ್ಲಿ ಇಂಗ್ಲಿಷಿನ ಪಿ, 'ನ'ದ ಜಾಗದಲ್ಲಿ ಪೌಂಡ್ ದುಡ್ಡಿನ ಗುರುತು. ಆ ಫಾಂಟ್ ಇದ್ದರೆ ವೇಷ, ಇಲ್ಲದಿದ್ದರೆ ಬಣ್ಣ ತೊಳೆದ ಮುಖ. ನಿಮ್ಮ ಫೋನಿನಲ್ಲಿ ಆ ಫಾಂಟ್ ಇರುವುದಿಲ್ಲ.

ನುಡಿಯನ್ನು ಬೈಯುವುದು ನನ್ನ ಉದ್ದೇಶವಲ್ಲ. ಕನ್ನಡ ಗಣಕ ಪರಿಷತ್ತು ಅದನ್ನು ಕೊಡದಿದ್ದರೆ ನಮ್ಮ ಎಷ್ಟೋ ಕಚೇರಿಗಳು ಕನ್ನಡದಲ್ಲಿ ಒಂದು ಪತ್ರ ಟೈಪ್ ಮಾಡುತ್ತಿರಲಿಲ್ಲ. ನುಡಿಯಲ್ಲೇ ಯುನಿಕೋಡ್ ಟೈಪ್ ಮಾಡಲೂ ಬರುತ್ತದೆ. ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡ ಇತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ಯುನಿಕೋಡ್ ಫಾಂಟ್ ಬಂತು, ಅದರ ಹೆಸರೂ 'ತುಂಗಾ', ನಮ್ಮ ಹೊಳೆಯ ಅರ್ಧ ಹೆಸರು! ಆದರೂ ಡಿಟಿಪಿಯವರು ಹಳೇ ಫಾಂಟ್ ಬಿಡಲಿಲ್ಲ. ಕಾರಣ ಪೇಜ್‌ಮೇಕರ್. ಅದಕ್ಕೆ ಕನ್ನಡ ಯುನಿಕೋಡ್ ಬಾರದು. 2001ರಲ್ಲಿ ಬಂದ ಅದರ ಕೊನೆಯ ಆವೃತ್ತಿಯನ್ನು ನಮ್ಮ ಪ್ರೆಸ್‌ಗಳು ಇನ್ನೂ ತಿಕ್ಕುತ್ತಿವೆ.

ಹಳೇ ಫಾಂಟಿನದನ್ನು ಯುನಿಕೋಡ್‌ಗೆ ತಿರುಗಿಸುವ ಉಚಿತ ಪರಿವರ್ತಕಗಳಿವೆ, ಕನ್ನಡದ ಹುಡುಗರೇ ಮಾಡಿದ್ದು. ನಾಟಕ ಅಂಟಿಸಿ ಬಟನ್ ಒತ್ತಿದೆ. ಅಪ್ಪನ ಮಾತು ತೆರೆಯ ಮೇಲೆ ಬಂತು. ಒಂದೇ ಗೋಳು, ನಾಟಕದಲ್ಲಿ ಒಬ್ಬ ಗುಮಾಸ್ತ ಇದ್ದಾನೆ, ಮಾತು ಮಾತಿಗೆ ಇಂಗ್ಲಿಷ್ ಬಿಡುವವನು. ಅವನ ಮಾತನ್ನು ಅಣ್ಣ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿದ್ದ. ಪರಿವರ್ತಕ ಅದನ್ನೂ ಕನ್ನಡ ಅಂದುಕೊಂಡು ತಿರುಗಿಸಿ, ಯಾವ ಬಾಯಲ್ಲೂ ಆಡಲಾಗದ ಪದ ಮಾಡಿಟ್ಟಿತ್ತು. ರಾತ್ರಿ ಅಂಗಡಿಯ ಶಟರ್ ಅರ್ಧ ಎಳೆದು, ಮಂಡಕ್ಕಿ ಮಿರ್ಚಿ ತಿನ್ನುತ್ತಾ ಇಬ್ಬರೂ ತಿದ್ದಲು ಕೂತೆವು. ಅಣ್ಣ ಪರದೆ ನೋಡದೆ ಗುಮಾಸ್ತನ ಮಾತು ಹೇಳುತ್ತಾ ಹೋದ. ಟೈಪ್ ಮಾಡಿಸುವಾಗ ಅಪ್ಪ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಆ ದನಿಯಲ್ಲೇ ಹೇಳಿಸಿದ್ದರಂತೆ. ಅದು ನನಗೆ ಗೊತ್ತೇ ಇರಲಿಲ್ಲ.

ಹಳೇ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಮಿಂಟ್ ಇಟ್ಟುಕೊಟ್ಟೆ. ಅದರ ಕೀಬೋರ್ಡ್ ಪಟ್ಟಿಯಲ್ಲಿ 'ಕಗಪ' ಅಂತಲೇ ಒಂದು ಆಯ್ಕೆ ಇದೆ, ಕನ್ನಡ ಗಣಕ ಪರಿಷತ್ತಿನ ಹೆಸರಿನದ್ದು. ನುಡಿಗೆ ಒಗ್ಗಿದ ಅಣ್ಣನ ಬೆರಳಿಗೆ ಕಷ್ಟವಾಗಲಿಲ್ಲ. ಆದರೆ ಪ್ರೆಸ್‌ನವರು ಪೇಜ್‌ಮೇಕರ್ ಫೈಲೇ ಬೇಕು ಅನ್ನುತ್ತಾರೆ, ಹಾಗಾಗಿ ಅವನ ಇನ್ನೊಂದು ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದೇ ಇದೆ. ಅದನ್ನು ಬಿಡಿಸಲು ನನ್ನಿಂದ ಆಗಲಿಲ್ಲ.

ನಾಟಕದ ಮೂರು ಕಾಪಿ ಇಟ್ಟಿದ್ದೇವೆ: ಅಂಗಡಿಯಲ್ಲೊಂದು, ನನ್ನ ಬಳಿ ಒಂದು, ಇಮೇಲ್‌ನಲ್ಲೊಂದು. ಊರಿನ ಗುಂಪಿಗೆ ಮತ್ತೆ ಕಳಿಸಿದೆ. ಮಾಸ್ತರರು ಫೋನಿನಲ್ಲೇ ಓದಿ ಮುಗಿಸಿ, ಗುಮಾಸ್ತನ ಪಾತ್ರ ಅಣ್ಣನೇ ಮಾಡಬೇಕು ಅಂತ ಹಟ ಹಿಡಿದಿದ್ದಾರೆ. ಅಣ್ಣ ಇನ್ನೂ ಒಪ್ಪಿಲ್ಲ.