ಕಾಲು ನೀರಿನಲ್ಲಿ, ತಲೆ ಗಾಳಿಯಲ್ಲಿ

ಮನೆಗೆ ಮೀನಿನ ತೊಟ್ಟಿ ತರುವವರು ಮೀನು ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುತ್ತಾರೆ. ಗಿಡ ಕೊಳ್ಳುವಾಗ ಒಂದನ್ನೂ ಕೇಳುವುದಿಲ್ಲ. ಹಸಿರಾಗಿ ಕಂಡರೆ ಸಾಕು, ತಂದು ನೀರಿಗೆ ಇಳಿಸಿಬಿಡುತ್ತಾರೆ. ಕೆಲವೇ ವಾರಗಳಲ್ಲಿ ಗಿಡ ಕೊಳೆತು ಲೋಳೆಯಾಗುತ್ತದೆ. ಅದರ ಹಿಂದೆಯೇ ಮೀನುಗಳೂ ಒಂದೊಂದಾಗಿ ಸತ್ತು ತೇಲುತ್ತವೆ.

ಕಳೆದ ವರ್ಷ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ಸಪ್ಪೆ ಮುಖ ಮಾಡಿಕೊಂಡು ನನ್ನ ಬಳಿ ಬಂದಳು. “ಸಾರ್, ಲಕ್ಕಿ ಬಾಂಬೂ ಅಂಗಡೀಲೂ ನೀರಲ್ಲೇ ಇತ್ತು. ನಮ್ಮನೆ ತೊಟ್ಟೀಲಿ ಮಾತ್ರ ಯಾಕೆ ಕೊಳೀತು?” ಅವಳ ಐದು ಮೀನುಗಳಲ್ಲಿ ಮೂರು ಸತ್ತಿದ್ದವು. ತೊಟ್ಟಿಯನ್ನು ಅಟ್ಟಕ್ಕೆ ಹಾಕುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತಂತೆ.

“ಅಂಗಡಿಯಲ್ಲಿ ಎಷ್ಟು ನೀರಿತ್ತಮ್ಮ?” ಎಂದೆ.

“ಲೋಟದ ತಳದಲ್ಲಿ ಎರಡು ಬೆರಳಿನಷ್ಟು.”

“ನಿಮ್ಮ ಮನೆಯಲ್ಲಿ?”

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಾದಳು. “ಪೂರ್ತಿ ಮುಳುಗಿಸಿದ್ವಿ ಸಾರ್.” ಅರ್ಧ ಉತ್ತರವನ್ನು ಅವಳೇ ಹೇಳಿದ್ದಳು.

ಉಳಿದರ್ಧ ಇಷ್ಟು. ಲಕ್ಕಿ ಬಾಂಬೂ ಬಿದಿರೇ ಅಲ್ಲ. ಆಫ್ರಿಕಾ ಮೂಲದ ಡ್ರಸೀನಾ ಎಂಬ ಗಿಡ. ಅದರ ಬೇರು ನೀರಿನಲ್ಲಿ ಬಾಳಬಲ್ಲದು, ಎಲೆ ಬಾಳಲಾರದು. ನೆಲದ ಗಿಡಗಳ ಎಲೆಗೆ ಮೇಣದಂಥ ಹೊದಿಕೆ ಇರುತ್ತದೆ. ಪತ್ರರಂಧ್ರಗಳ ಮೂಲಕ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಪಡೆಯುತ್ತದೆ. ನೀರಿನಲ್ಲಿ ಈ ಅನಿಲ ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಹಾಗಾಗಿ ಮುಳುಗಿದ ಎಲೆ ಆಹಾರ ತಯಾರಿಸಲಾಗದೆ ಸಾಯುತ್ತದೆ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾದಂಥ ನಿಜವಾದ ಜಲಸಸ್ಯಗಳ ಎಲೆ ತೀರ ತೆಳು. ಬೇಕಾದದ್ದನ್ನು ಅವು ನೀರಿನಿಂದ ನೇರವಾಗಿ ಹೀರಿಕೊಳ್ಳುತ್ತವೆ. ಅವನ್ನು ಹೊರಗೆತ್ತಿ ನೋಡಿ, ನಿಲ್ಲಲಾರದೆ ಜೋತುಬೀಳುತ್ತವೆ.

ಎಲೆಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಜೊತೆಗೆ ಅಮೋನಿಯಾ ಹೆಚ್ಚುತ್ತದೆ. ಮೀನಿಗೆ ಎರಡೂ ಕಡೆಯಿಂದ ಏಟು.

ಅದೇ ಗಿಡ ಸರಿಯಾಗಿ ನಿಂತರೆ ಮೀನಿಗೆ ಉಪಕಾರಿ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ತೊಟ್ಟಿಯಲ್ಲಿರುವ ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಮೊದಲೆರಡು ಮೀನಿಗೆ ವಿಷ. ಮೂರನೆಯದು ಗಿಡಕ್ಕೆ ಗೊಬ್ಬರ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನು ಕಡಿಮೆ ಇರಲಿ.

ಮೊದಲ ಸಲ ಪ್ರಯತ್ನಿಸುವವರಿಗೆ ಮನಿಪ್ಲಾಂಟ್ ಒಳ್ಳೆಯದು. ಗೆಣ್ಣು ಇರುವ ತುಂಡನ್ನು ಕತ್ತರಿಸಿ, ಬೇರು ಬರುವ ತನಕ ಬಾಟಲಿಯ ನೀರಿನಲ್ಲಿಡಿ. ಆಮೇಲೆ ಬೇರು ಮಾತ್ರ ಮುಳುಗುವಂತೆ ತೊಟ್ಟಿಯ ಅಂಚಿಗೆ ನಿಲ್ಲಿಸಿ. ಕುಂಡದಿಂದ ಕಿತ್ತ ಗಿಡವಾದರೆ ಬೇರಿನ ಮಣ್ಣನ್ನು ಚೆನ್ನಾಗಿ ತೊಳೆಯಿರಿ. ಕಿಟಕಿಯ ಬೆಳಕು ಸಾಕು. ನೇರ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ. ಹಳದಿಯಾದ ಎಲೆಯನ್ನು ಅಂದೇ ತೆಗೆಯಿರಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಮನಿಪ್ಲಾಂಟ್ ಎಲೆ ಕಚ್ಚಿದರೆ ಬಾಯಿ ಉರಿಯುತ್ತದೆ, ಹಾಗಾಗಿ ಎಳೆಯ ಮಕ್ಕಳ ಕೈಗೆ ಸಿಗದಿರಲಿ.

ಮುಂದಿನ ವಾರ ಆ ಹುಡುಗಿಯ ತಂದೆ ಶಾಲೆಗೆ ಬಂದರು. “ಮೇಷ್ಟ್ರೇ, ಓದೋ ಮಕ್ಕಳಿಗೆ ಇದೆಲ್ಲ ಯಾಕೆ?” ಎಂದು ಕೇಳಿದರು. ಸಾರಜನಕ ಚಕ್ರವನ್ನು ನಾವು ಕರಿಹಲಗೆಯ ಮೇಲೆ ಬಾಣ ಎಳೆದು ಕಲಿಸುತ್ತೇವೆ, ಅದು ನಿಮ್ಮ ಹಜಾರದಲ್ಲೇ ನಡೆಯುತ್ತಿದೆ ಎಂದೆ. ಅವರು ನಕ್ಕರು. ತೊಟ್ಟಿ ಅಟ್ಟ ಹತ್ತಲಿಲ್ಲ. ಈಗ ಅದರಲ್ಲಿ ಮನಿಪ್ಲಾಂಟ್ ಬೇರು ಗೇಣುದ್ದ ಬೆಳೆದಿದೆ.

ತಂದೆತಾಯಂದಿರಲ್ಲಿ ನನ್ನದೊಂದು ಕೋರಿಕೆ. ಗಿಡ ಸತ್ತಿತೆಂದು, ಮೀನು ಸತ್ತಿತೆಂದು ಮಗುವನ್ನು ಗದರಿಸಬೇಡಿ. ಪಕ್ಕದಲ್ಲಿ ಕುಳಿತು ಎಷ್ಟು ನೀರಿತ್ತು, ಎಲೆ ಎಲ್ಲಿತ್ತು, ಎಷ್ಟು ಆಹಾರ ಹಾಕಿದ್ದೆ ಎಂದು ವಿಚಾರಿಸಿ. ಉತ್ತರಗಳನ್ನು ಅದರ ಕೈಯಲ್ಲೇ ಒಂದು ಹಳೆಯ ನೋಟ್‌ಬುಕ್‌ನಲ್ಲಿ ಬರೆಸಿ. ಎರಡನೆಯ ಗಿಡ ತರುವ ಮೊದಲು ಆ ಪುಟವನ್ನು ಮಗುವೇ ತೆರೆದು ಓದಲಿ.